ಪಾಠ ಮುಗಿಯಿತು, ಮಗು ಎಲ್ಲಿಗೆ ಬಂತು?

ಶಾಲೆಗೆ ಸೇರಿದ ಮಗು ಮೊದಲು ಕಲಿಯುವ ಅಕ್ಷರ ‘ಅ’ ಎಂದೇ ಹಿರಿಯರು ತಿಳಿದಿರುತ್ತಾರೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಕಾರ್ಡು, ಹಾಡು, ಆಟಗಳ ಮೂಲಕ ಕಲಿಸುವ ನಲಿ-ಕಲಿ ಕೊಠಡಿಯಲ್ಲಿ ಹಾಗಿಲ್ಲ. ಅಲ್ಲಿ ಮೊದಲ ಸಾಲು ರ, ಗ, ಸ, ದ, ಅ. ಈ ಐದು ಅಕ್ಷರ ಕೈಗೆ ಹತ್ತಿದರೆ ಮಗು ಸರ, ದರ, ಅರಸ, ದಸರ, ಗರಗಸ ಎಂದು ಪದಗಳನ್ನೇ ಓದತೊಡಗುತ್ತದೆ. ಗುಣಿತ ಬೇಕಿಲ್ಲ, ಒತ್ತು ಬೇಕಿಲ್ಲ. ಮುಂದಿನ ಸಾಲಿನ ಜ, ವ, ಮ, ಬ, ನ ಸೇರಿಕೊಂಡರೆ ಮರ, ಜನ, ವನ, ಬಸವ. ಹಳೆಯ ಹಾದಿಯಲ್ಲಿ ವರ್ಣಮಾಲೆ ಪೂರ್ತಿ ಬಾಯಿಪಾಠವಾಗಬೇಕು, ಆಮೇಲೆ ಕಾಗುಣಿತ ಮುಗಿಯಬೇಕು, ಪದದ ಸರದಿ ಅದಾದ ಮೇಲೆ. ಅಲ್ಲಿಯವರೆಗೆ ಮಗು ತಿಂಗಳುಗಟ್ಟಲೆ ಅರ್ಥವಿಲ್ಲದ ಸದ್ದನ್ನು ಉರು ಹೊಡೆಯುತ್ತಿತ್ತು. ಅಕ್ಷರಗಳ ಸಾಲನ್ನು ಹೀಗೆ ಬದಲಿಸಿದವರು ಒಂದು ವಿಷಯವನ್ನು ಗಟ್ಟಿಯಾಗಿ ಹಿಡಿದಿದ್ದರು: ಪಾಠದ ಕ್ರಮ ಪುಸ್ತಕಕ್ಕೆ ಒಗ್ಗಬೇಕಿಲ್ಲ, ಕಲಿಯುವ ಮಗುವಿಗೆ ಒಗ್ಗಬೇಕು.

ಪ್ರಾಥಮಿಕ ಶಾಲೆ ಸುಧಾರಿಸುವುದು ಹೇಗೆ ಎಂಬ ಪ್ರಶ್ನೆಗೆ ಕಟ್ಟಡ, ಶೌಚಾಲಯ, ಸ್ಮಾರ್ಟ್ ಬೋರ್ಡು, ಸಮವಸ್ತ್ರ ಎಂದು ಉತ್ತರ ಕೊಡುವವರಿಗೆ ಕೊರತೆಯಿಲ್ಲ. ಅವೆಲ್ಲ ಬೇಕು. ಸೋರುವ ಸೂರಿನ ಕೆಳಗೆ ಯಾವ ಮಗುವೂ ಕೂರಬಾರದು. ಆದರೆ ಅವಿಷ್ಟೂ ಇದ್ದೂ ನಾಲ್ಕನೇ ತರಗತಿಯ ಮಗು ಎರಡನೇ ತರಗತಿಯ ಕಥೆಯನ್ನು ಓದಲಾರದೆ ತಡವರಿಸುವ ಶಾಲೆಗಳು ನಾಡಿನ ತುಂಬ ಇವೆ, ಖಾಸಗಿ ಶಾಲೆಗಳೂ ಇದಕ್ಕೆ ಹೊರತಲ್ಲ.

ಈ ಮಾತಿಗೆ ಅಂಕಿಅಂಶದ ಆಧಾರವಿದೆ. ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತಿರುವ ‘ಅಸರ್’ ಸಮೀಕ್ಷೆಯಲ್ಲಿ ಸ್ವಯಂಸೇವಕರು ಹಳ್ಳಿಗಳ ಮನೆ ಮನೆಗೆ ಹೋಗುತ್ತಾರೆ, ಮಗುವಿನ ಕೈಗೆ ಒಂದು ಹಾಳೆ ಕೊಟ್ಟು ಓದಿಸುತ್ತಾರೆ. ಹಾಳೆಯಲ್ಲಿ ಬಿಡಿ ಅಕ್ಷರಗಳು, ಪದಗಳು, ಒಂದನೇ ತರಗತಿ ಮಟ್ಟದ ಪುಟ್ಟ ಪ್ಯಾರಾ, ಎರಡನೇ ತರಗತಿ ಮಟ್ಟದ ಒಂದು ಕಥೆ ಇರುತ್ತವೆ. ಗ್ರಾಮೀಣ ಭಾರತದ ಮೂರನೇ ತರಗತಿಯ ಮಕ್ಕಳಲ್ಲಿ ಆ ಕಥೆಯನ್ನು ಓದಬಲ್ಲವರು 2018ರಲ್ಲಿ ಶೇ 27.3 ಇದ್ದರು. ಕೋವಿಡ್ ನಂತರ 2022ರಲ್ಲಿ ಈ ಪ್ರಮಾಣ ಶೇ 20.5ಕ್ಕೆ ಕುಸಿಯಿತು. 2024ರಲ್ಲಿ ಮತ್ತೆ ಶೇ 27.1ಕ್ಕೆ ಬಂತು. ಐದನೇ ತರಗತಿಯಲ್ಲೂ ಆ ಎರಡನೇ ತರಗತಿಯ ಕಥೆಯನ್ನು ಓದಬಲ್ಲವರು 2024ರಲ್ಲಿ ಶೇ 48.8 ಮಾತ್ರ. ಅಂದರೆ ಪ್ರಾಥಮಿಕ ಶಾಲೆಯಲ್ಲಿ ಐದು ವರ್ಷ ಕಳೆದ ಅರ್ಧಕ್ಕೂ ಹೆಚ್ಚು ಮಕ್ಕಳಿಗೆ ತಮ್ಮ ಪಠ್ಯಪುಸ್ತಕ ಓದಲು ಬಾರದ ಪುಸ್ತಕವಾಗಿ ಉಳಿದಿದೆ. ವಿಜ್ಞಾನ, ಸಮಾಜ, ಗಣಿತದ ಲೆಕ್ಕದ ಒಕ್ಕಣೆ, ಎಲ್ಲವೂ ಆ ಓದಿನ ಮೇಲೆಯೇ ನಿಂತಿವೆ.

ಪುಸ್ತಕ ಹಂಚಿದರೆ ಸರಿಹೋದೀತೆ? ಕೀನ್ಯಾ ದೇಶದ ಹಳ್ಳಿ ಶಾಲೆಗಳಲ್ಲಿ ಮೈಕೆಲ್ ಕ್ರೆಮರ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿ ನೋಡಿದರು. ಪಠ್ಯಪುಸ್ತಕ ಕೊಟ್ಟ ಶಾಲೆಗಳಲ್ಲಿ ಲಾಭ ಪಡೆದವರು ಮೊದಲೇ ಮುಂದಿದ್ದ ಮಕ್ಕಳು. ಉಳಿದವರಿಗೆ ಆ ಇಂಗ್ಲಿಷ್ ಪುಸ್ತಕ ಓದುವಷ್ಟು ಬಲವೇ ಇರಲಿಲ್ಲ. ಕ್ರೆಮರ್ ಮುಂದೆ 2019ರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಅವರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಬ್ಯಾನರ್ಜಿ, ಡುಫ್ಲೊ ತಂಡದ ಅಧ್ಯಯನ ನಡೆದದ್ದು ನಮ್ಮದೇ ಮುಂಬೈ ಮತ್ತು ವಡೋದರಾದ ಪಾಲಿಕೆ ಶಾಲೆಗಳಲ್ಲಿ. ಹಿಂದೆ ಬಿದ್ದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ, ಅದೇ ಬಡಾವಣೆಯ ಯುವತಿಯರು ಅವರಿಗೆ ಅಕ್ಷರ, ಕೂಡು-ಕಳೆಗಳನ್ನು ಮೊದಲಿನಿಂದ ಹೇಳಿಕೊಟ್ಟರು. ಆ ಯುವತಿಯರ ಹೆಸರು ‘ಬಾಲಸಖಿ’. ಅವರಿಗೆ ಶಿಕ್ಷಕರ ಪದವಿ ಇರಲಿಲ್ಲ, ಸಂಬಳ ತೀರ ಕಡಿಮೆ. ಆದರೂ ಮಕ್ಕಳ ಕಲಿಕೆ ಸ್ಪಷ್ಟವಾಗಿ ಏರಿತು, ತೀರ ಹಿಂದಿದ್ದವರದು ಎಲ್ಲರಿಗಿಂತ ಹೆಚ್ಚು ಏರಿತು. ಅವರು ಮಾಡಿದ್ದು ಇಷ್ಟೆ: ಮಗು ನಿಂತ ಜಾಗ ಕಂಡುಕೊಂಡು ಅಲ್ಲಿಂದ ಪಾಠ ಹಿಡಿದರು.

ಕರ್ನಾಟಕಕ್ಕೆ ಈ ವಿಚಾರ ಹೊಸದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ನಲಿ-ಕಲಿ ಶುರುವಾದಾಗ ಅದರ ತಿರುಳೂ ಇದೇ ಆಗಿತ್ತು. ಕಬಿನಿ ಸೀಮೆಯ ಕಾಡಂಚಿನ ಈ ತಾಲ್ಲೂಕಿನಲ್ಲಿ ಜೇನುಕುರುಬರ ಹಾಡಿಗಳಿವೆ, ಒಬ್ಬರೋ ಇಬ್ಬರೋ ಶಿಕ್ಷಕರಿರುವ ಪುಟ್ಟ ಶಾಲೆಗಳಿವೆ. ಮಕ್ಕಳು ಕೆಲವು ದಿನ ಬರುತ್ತಾರೆ, ಕೂಲಿಗೆ ಹೋಗುವ ಅಪ್ಪ-ಅಮ್ಮನ ಜೊತೆ ಕೆಲವು ದಿನ ಕಾಣೆಯಾಗುತ್ತಾರೆ. ವಾರ ಬಿಟ್ಟು ಬಂದ ಮಗುವಿಗೆ ಪಾಠ ಮುಂದೆ ಹೋಗಿಬಿಟ್ಟಿರುತ್ತದೆ. ಆ ಮಗು ಹಿಂದೆ ಬೀಳುತ್ತದೆ, ಇನ್ನಷ್ಟು ಹಿಂದೆ ಬೀಳುತ್ತದೆ, ಕೊನೆಗೆ ಶಾಲೆ ಬಿಡುತ್ತದೆ. ಇದಕ್ಕೆ ದಾರಿ ಹುಡುಕುತ್ತ, ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿಯಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ರೂಪಿಸಿದ್ದ ಕಾರ್ಡು ಪದ್ಧತಿಯನ್ನು ಕೋಟೆ ತಾಲ್ಲೂಕಿನ ಶಿಕ್ಷಕರು ನೋಡಿಬಂದರು. ನಕಲು ಮಾಡಲಿಲ್ಲ. ತಮ್ಮ ಕನ್ನಡಕ್ಕೆ, ತಮ್ಮ ಮಕ್ಕಳಿಗೆ ಹೊಂದುವ ಕಾರ್ಡು, ಹಾಡು, ಆಟಗಳನ್ನು ತಾವೇ ಕೂತು ಮಾಡಿದರು. ಶಿಕ್ಷಕರ ಕೈಯಿಂದಲೇ ಹುಟ್ಟಿದ್ದು ಆ ಕಾರ್ಯಕ್ರಮದ ದೊಡ್ಡ ಬಲ.

ನಲಿ-ಕಲಿ ಕೊಠಡಿಯೊಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಗೋಡೆಯ ಬುಡದಲ್ಲಿ ಮಕ್ಕಳ ಕೈಗೆಟುಕುವ ಎತ್ತರಕ್ಕೆ ಬಳಿದ ಕಪ್ಪು ಹಲಗೆ. ಪ್ರತಿ ಮಗುವಿಗೂ ಅದರಲ್ಲಿ ಒಂದು ತುಂಡು ಜಾಗ. ತಲೆಯ ಮೇಲೆ ಹಗ್ಗ ಕಟ್ಟಿದ ಚಪ್ಪರ, ಅದರಲ್ಲಿ ಮಕ್ಕಳು ಬರೆದ ಚಿತ್ರಗಳು ತೂಗುತ್ತಿರುತ್ತವೆ. ಗೋಡೆಯಲ್ಲಿ ಕಲಿಕಾ ಏಣಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೇ ಕೂತಿರುತ್ತಾರೆ. ಮಗು ಏಣಿಯ ಹತ್ತಿರ ಹೋಗಿ ತಾನು ಮುಗಿಸಿದ ಮೆಟ್ಟಿಲನ್ನು ಗುರುತಿಸಿ, ಮುಂದಿನ ಮೆಟ್ಟಿಲಿನ ಚಿಹ್ನೆ ನೋಡಿ, ಅದೇ ಚಿಹ್ನೆಯ ಕಾರ್ಡನ್ನು ಹುಡುಕಿ ತರುತ್ತದೆ. ಆ ಚಿಹ್ನೆಯೇ ಯಾವ ಗುಂಪಿನಲ್ಲಿ ಕೂರಬೇಕೆಂದು ಹೇಳುತ್ತದೆ. ಮೂಲ ರೂಪದಲ್ಲಿ ಐದು ಗುಂಪು, ಶಿಕ್ಷಕರ ಮಾತಿನಲ್ಲಿ ಐದು ‘ತಟ್ಟೆ’. ಮೊದಲ ತಟ್ಟೆಯಲ್ಲಿ ಪೂರ್ತಿ ಶಿಕ್ಷಕರ ನೆರವು, ಮುಂದಿನದರಲ್ಲಿ ಅರೆಬರೆ ನೆರವು, ಆಮೇಲೆ ಜೊತೆಯ ಮಕ್ಕಳ ನೆರವು, ಕೊನೆಯ ತಟ್ಟೆಯಲ್ಲಿ ಮಗು ತಾನೇ ಕಲಿಯಬೇಕು. ವಾರ ಬಿಟ್ಟು ಬಂದ ಮಗು ತಾನು ಬಿಟ್ಟುಹೋದ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಪಾಠ ಅದಕ್ಕಾಗಿ ಕಾದಿರುತ್ತದೆ.

2009-10ರಲ್ಲಿ ನಲಿ-ಕಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೆ ಬಂತು, ಮರುವರ್ಷ ಮೂರನೇ ತರಗತಿಗೂ. ಅಲ್ಲಿಂದ ಮುಂದಿನ ಕಥೆ ಎಲ್ಲ ಕಡೆ ಒಂದೇ ತೆರನಾಗಿಲ್ಲ. ಒಂದು ತಾಲ್ಲೂಕಿನ ಶಿಕ್ಷಕರು ಬೆವರು ಸುರಿಸಿ ಕಟ್ಟಿದ ಪದ್ಧತಿ ಆದೇಶವಾಗಿ ಹೊರಟಾಗ ಕೆಲವು ಕಡೆ ಉಸಿರಿತ್ತು, ಕೆಲವು ಕಡೆ ಬರೀ ಒಡಲಿತ್ತು. ತರಬೇತಿ ಪಡೆದ ಶಿಕ್ಷಕಿ ವರ್ಗವಾಗಿ ಹೋದರೆ ಬಂದವರಿಗೆ ಏಣಿ ಅರ್ಥವಾಗದು. ಹರಿದ ಕಾರ್ಡಿನ ಬದಲಿಗೆ ಹೊಸದು ಸಕಾಲಕ್ಕೆ ಬಾರದು. ಕೊಠಡಿಯಲ್ಲಿ ಮಕ್ಕಳ ಸಂಖ್ಯೆ ನಲವತ್ತು ದಾಟಿದರೆ ಐದು ತಟ್ಟೆಗಳ ಮೇಲೆ ಒಬ್ಬರ ಕಣ್ಣು ಸಾಲದು. ಪುಸ್ತಕವಿಲ್ಲದೆ ನೆಲದ ಮೇಲೆ ಕೂತು ಆಡುವುದನ್ನು ಕಂಡ ಪೋಷಕರು ‘ಇಲ್ಲಿ ಓದಿಸುವುದಿಲ್ಲ’ ಎಂದುಕೊಂಡದ್ದೂ ಉಂಟು. ಇನ್ನು ನಾಲ್ಕನೇ ತರಗತಿಗೆ ಹೋದ ಮಗುವಿಗೆ ಒಮ್ಮೆಗೇ ಕಾರ್ಡು ಹೋಗಿ ಪುಸ್ತಕ ಬರುತ್ತದೆ, ಆ ಜಿಗಿತಕ್ಕೆ ಅದನ್ನು ಯಾರೂ ಸಿದ್ಧಗೊಳಿಸಿರುವುದಿಲ್ಲ. ಇವು ಪದ್ಧತಿಯ ದೋಷಗಳಲ್ಲ, ಅದನ್ನು ಪೋಷಿಸುವುದರಲ್ಲಿ ಆದ ಕೊರತೆ. ಹೊಸ ಹೆಸರಿನ ಯೋಜನೆಗೆ ಸಿಗುವ ಗಮನ ಹಳೆಯ ಒಳ್ಳೆಯ ಯೋಜನೆಯ ರಿಪೇರಿಗೆ ಸಿಗುವುದಿಲ್ಲ, ಇದು ನಮ್ಮ ಶಿಕ್ಷಣ ಆಡಳಿತದ ಹಳೆಯ ಕಾಯಿಲೆ.

ಏಣಿ, ಕಾರ್ಡು ಇಲ್ಲದ ತರಗತಿಯಲ್ಲೂ ಕಲಿಕೆ ಸುಧಾರಿಸಬಹುದು. ಅದಕ್ಕೆ ಶಿಕ್ಷಕರು ತಪ್ಪನ್ನು ಓದಲು ಕಲಿಯಬೇಕು.

ಮೂರನೇ ತರಗತಿಯ ಮಗು 52ರಲ್ಲಿ 27 ಕಳೆದು 35 ಎಂದು ಬರೆದಿದೆ ಎಂದುಕೊಳ್ಳೋಣ. ಕೆಂಪು ಪೆನ್ನಿನಿಂದ ತಪ್ಪು ಗುರುತು ಹಾಕಿ ಮುಂದೆ ಹೋಗುವುದು ಸುಲಭ. ಒಂದು ಕ್ಷಣ ನಿಂತು ನೋಡಿದರೆ ಮಗುವಿನ ತರ್ಕ ತೆರೆದುಕೊಳ್ಳುತ್ತದೆ. ಬಿಡಿ ಸ್ಥಾನದಲ್ಲಿ 2ರಲ್ಲಿ 7 ಹೋಗುವುದಿಲ್ಲ, ಹಾಗಾಗಿ ಅದು 7ರಲ್ಲಿ 2 ಕಳೆದು 5 ಬರೆಯಿತು. ಹತ್ತರ ಸ್ಥಾನದಲ್ಲಿ 5ರಲ್ಲಿ 2 ಕಳೆದು 3 ಬರೆಯಿತು. ಮಗುವಿಗೆ ಕಳೆಯಲು ಬರುತ್ತದೆ, ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂಬುದೂ ಗೊತ್ತು. ಗೊತ್ತಿಲ್ಲದ್ದು ಒಂದೇ: 52ರಲ್ಲಿರುವ 5 ಎಂದರೆ ಐದು ಹತ್ತುಗಳು, ಅದರಲ್ಲಿ ಒಂದು ಹತ್ತನ್ನು ಬಿಡಿಸಿ ಹತ್ತು ಬಿಡಿ ಮಾಡಬಹುದು ಎಂಬುದು. ಈ ಮಗುವಿಗೆ ಇಂಥದೇ ಕಳೆಯುವ ಲೆಕ್ಕ ಇನ್ನೂ ಇಪ್ಪತ್ತು ಕೊಟ್ಟರೆ ಇಪ್ಪತ್ತೂ ತಪ್ಪಾಗುತ್ತವೆ. ಹತ್ತು ಹತ್ತು ಕಡ್ಡಿಗಳ ಐದು ಕಟ್ಟು, ಎರಡು ಬಿಡಿ ಕಡ್ಡಿ ಮುಂದಿಟ್ಟು, ‘ಏಳು ಕಡ್ಡಿ ಕೊಡು’ ಎಂದರೆ ಮಗು ತಾನೇ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚುತ್ತದೆ. ಅಲ್ಲಿಗೆ ‘ದಶಕ ಪಡೆಯುವುದು’ ಎಂದರೇನೆಂದು ಅದರ ಬೆರಳಿಗೆ ತಿಳಿದಂತಾಯಿತು. ಅಕ್ಷರ ಫೌಂಡೇಶನ್ ಜೊತೆಗೂಡಿ ರಾಜ್ಯ ಸರ್ಕಾರ ನಾಲ್ಕು, ಐದನೇ ತರಗತಿಗೆ ನಡೆಸಿದ ‘ಗಣಿತ ಕಲಿಕಾ ಆಂದೋಲನ’ದಲ್ಲಿ ಶಾಲೆಗಳಿಗೆ ತಲುಪಿದ ಗಣಿತ ಕಿಟ್‌ಗಳ ಉದ್ದೇಶ ಇದೇ. ಬೀರುವಿನಲ್ಲಿ ಬೀಗ ಹಾಕಿಟ್ಟ ಕಿಟ್ ಯಾರಿಗೂ ಏನನ್ನೂ ಕಲಿಸದು. ಕಿಟ್‌ನ ಮಣಿ ಕಳೆದುಹೋದರೆ ತಾನೇ ಉತ್ತರ ಕೊಡಬೇಕಾದೀತೆಂದು ಹೆದರುವ ಶಿಕ್ಷಕರಿಗೆ ಮುಖ್ಯ ಶಿಕ್ಷಕರು ಆ ಭಯ ಬಿಡಿಸಬೇಕು.

ಓದಿನಲ್ಲೂ ಹೀಗೆಯೇ. ಕನ್ನಡ ಲಿಪಿಯ ಕಲಿಕೆ ಒಂದನೇ ತರಗತಿಗೆ ಮುಗಿಯುವುದಿಲ್ಲ. ವ್ಯಂಜನಕ್ಕೆ ಸ್ವರ ಸೇರಿದ ಗುಣಿತಾಕ್ಷರಗಳೇ ನಾನೂರು ದಾಟುತ್ತವೆ, ಒತ್ತಕ್ಷರಗಳದ್ದು ಬೇರೆ ಲೆಕ್ಕ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು: ಇಂಗ್ಲಿಷ್ ಕಲಿಯುವ ಮಗು ಇಪ್ಪತ್ತಾರು ಅಕ್ಷರಗಳನ್ನು ಬೇಗ ಮುಗಿಸಿಬಿಟ್ಟರೆ, ಕನ್ನಡದ ಮಗುವಿಗೆ ಅಕ್ಷರಗಳ ಮೇಲೆ ಹಿಡಿತ ಬರಲು ಮೂರು, ನಾಲ್ಕನೇ ತರಗತಿಯವರೆಗೂ ಸಮಯ ಹಿಡಿಯುತ್ತದೆ. ‘ಸೂರ್ಯ’ ಎಂಬ ಪದದ ಮುಂದೆ ಮಗು ತಡವರಿಸಿದರೆ ಅದು ದಡ್ಡತನವಲ್ಲ. ಅಲ್ಲಿ ಮೊದಲು ನುಡಿಯಬೇಕಾದ ರಕಾರದ ಗುರುತು ಅಕ್ಷರದ ಆಚೆ ಬದಿಗೆ ಕೂತಿದೆ. ಕಣ್ಣು ಮುಂದೆ ಹೋಗಿ, ನಾಲಿಗೆ ಹಿಂದೆ ಬರಬೇಕು. ಇದನ್ನು ಬಲ್ಲ ಶಿಕ್ಷಕಿ ಸೂರ್ಯ, ಕಾರ್ಯ, ಮಾರ್ಗ, ವರ್ಷ ಎಂದು ಅದೇ ಜಾತಿಯ ಪದಗಳನ್ನು ಹಲಗೆಯ ಮೇಲೆ ಬರೆದು ಒಂದು ವಾರ ದಿನಕ್ಕೆ ಐದು ನಿಮಿಷ ಆಡಿಸುತ್ತಾಳೆ. ಅರಿಯದವರು ‘ಮೂರನೇ ಕ್ಲಾಸಿಗೆ ಬಂದರೂ ಓದಕ್ಕೆ ಬರಲ್ಲ’ ಎನ್ನುತ್ತಾರೆ.

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಆರಂಭಿಸಿದ ‘ನಿಪುಣ ಭಾರತ’ ಕಾರ್ಯಕ್ರಮ 2026-27ರ ಹೊತ್ತಿಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು, ಬರಹ, ಲೆಕ್ಕದ ಅಡಿಪಾಯ ಸಿಗಬೇಕೆಂಬ ಗುರಿ ಇಟ್ಟುಕೊಂಡಿದೆ. ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಸಹಿತ ಓದಬೇಕೆಂಬುದು ಅದರ ಒಂದು ಅಳತೆ. ಗುರಿ ಒಳ್ಳೆಯದು. ಆದರೆ ಪ್ರತ್ಯಯಗಳು ಒಂದರ ಹಿಂದೊಂದು ಅಂಟಿಕೊಳ್ಳುವ ಕನ್ನಡದ ಪದವೂ ಇಂಗ್ಲಿಷ್‌ನ ಪದವೂ ಒಂದೇ ಉದ್ದದವಲ್ಲ. ಎನ್‌ಸಿಇಆರ್‌ಟಿ 2022ರಲ್ಲಿ ಇಪ್ಪತ್ತು ಭಾಷೆಗಳಲ್ಲಿ ನಡೆಸಿದ ಬುನಾದಿ ಕಲಿಕೆಯ ಅಧ್ಯಯನ ಭಾಷೆಗೊಂದು ಮಟ್ಟ ಗೊತ್ತುಮಾಡಿದ್ದು ಸರಿಯಾದ ಹೆಜ್ಜೆ. ವಾಚು ಹಿಡಿದು ಪದ ಎಣಿಸುವುದೇ ಪಾಠವಾಗಿಬಿಟ್ಟರೆ ಮಗು ವೇಗವಾಗಿ ಓದಿ ಏನೂ ತಿಳಿಯದೆ ಕೂರುವ ಅಪಾಯವಿದೆ.

ಇಷ್ಟೆಲ್ಲ ಮಾಡಲು ಶಿಕ್ಷಕರಿಗೆ ಬೇಕಾದದ್ದು ಏನು? ಹರಿಯಾಣದಲ್ಲಿ 2012-13ರಲ್ಲಿ ನಡೆದ ಪ್ರಯೋಗ ಒಂದು ಉತ್ತರ ಕೊಡುತ್ತದೆ. ಅದಕ್ಕೂ ಮೊದಲು ಬೇರೆ ರಾಜ್ಯಗಳಲ್ಲಿ ಮಗುವಿನ ಮಟ್ಟಕ್ಕೆ ತಕ್ಕಂತೆ ಕಲಿಸಲು ಸರ್ಕಾರಿ ಶಿಕ್ಷಕರಿಗೆ ತರಬೇತಿ, ಸಾಮಗ್ರಿ ಎರಡೂ ಕೊಟ್ಟಿದ್ದರು. ಅವರು ತರಗತಿಗೆ ಮರಳಿ ಸಿಲಬಸ್ ಮುಗಿಸುವುದರಲ್ಲೇ ತೊಡಗಿದ್ದರಿಂದ ಹೆಚ್ಚೇನೂ ಬದಲಾಗಲಿಲ್ಲ. ಹರಿಯಾಣದಲ್ಲಿ ದಿನಕ್ಕೆ ಒಂದು ಗಂಟೆಯನ್ನು ಇದಕ್ಕೆಂದೇ ಎತ್ತಿಟ್ಟರು. ಆ ಗಂಟೆಯಲ್ಲಿ ತರಗತಿಯ ಗೆರೆ ಅಳಿಸಿ, ಮೂರರಿಂದ ಐದನೇ ತರಗತಿಯ ಮಕ್ಕಳನ್ನು ಓದುವ ಮಟ್ಟದ ಪ್ರಕಾರ ಕೂರಿಸಿದರು. ಮೇಲ್ವಿಚಾರಣೆಗೆ ಬರುವ ಅಧಿಕಾರಿಗಳು ಮೊದಲು ತಾವೇ ಎರಡು ಮೂರು ವಾರ ಮಕ್ಕಳಿಗೆ ಪಾಠ ಮಾಡಿ ಕೈ ಪಳಗಿಸಿಕೊಂಡರು. ಮಕ್ಕಳ ಓದು ಸುಧಾರಿಸಿತು. ಕರ್ನಾಟಕದ ‘ಓದು ಕರ್ನಾಟಕ’ವೂ ನಾಲ್ಕು, ಐದನೇ ತರಗತಿಯಲ್ಲಿ ಇದೇ ದಾರಿ ಹಿಡಿಯಿತು.

ಮೇಲ್ವಿಚಾರಕರು ತಾವೇ ಪಾಠ ಮಾಡಿದರು ಎಂಬ ಮಾತನ್ನು ಬೇಗ ದಾಟಿಹೋಗಬಾರದು. ನಮ್ಮಲ್ಲಿ ಶಾಲೆಗಳ ಕ್ಲಸ್ಟರಿಗೊಬ್ಬರು ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಇದ್ದಾರೆ, ತಾಲ್ಲೂಕಿಗೊಂದು ಸಂಪನ್ಮೂಲ ಕೇಂದ್ರ (ಬಿಆರ್‌ಸಿ), ಜಿಲ್ಲೆಗೊಂದು ಶಿಕ್ಷಕರ ತರಬೇತಿ ಸಂಸ್ಥೆ (ಡಯಟ್) ಇದೆ. ವ್ಯವಸ್ಥೆಗೆ ಕೊರತೆಯಿಲ್ಲ. ಆದರೆ ಶಾಲೆಗೆ ಬರುವ ಸಿಆರ್‌ಪಿಯ ಕೈಯಲ್ಲಿ ಹೆಚ್ಚಾಗಿ ಮಾಹಿತಿ ಕೇಳುವ ನಮೂನೆ ಇರುತ್ತದೆ. ಅದೇ ವ್ಯಕ್ತಿ ಅರ್ಧ ಗಂಟೆ ತರಗತಿಯ ಹಿಂದಿನ ಸಾಲಲ್ಲಿ ಕೂತು, ಓದಲಾರದ ಇಬ್ಬರು ಮಕ್ಕಳೊಂದಿಗೆ ಮಾತಾಡಿ, ಶಿಕ್ಷಕಿಯೊಂದಿಗೆ ಚಹಾ ಕುಡಿಯುತ್ತ ‘ಈ ಹುಡುಗನಿಗೆ ಹೀಗೆ ಮಾಡಿ ನೋಡೋಣವಾ ಮೇಡಂ’ ಎಂದರೆ ಆ ಭೇಟಿಗೆ ಬೆಲೆ. ಕ್ಲಸ್ಟರಿನ ಸಮಾಲೋಚನಾ ಸಭೆಗಳೂ ಹೀಗೆಯೇ. ಸುತ್ತೋಲೆ ಓದುವ ಸಭೆಗೂ, ನಾಲ್ಕು ಶಾಲೆಯ ಶಿಕ್ಷಕರು ಮಕ್ಕಳ ನೋಟ್‌ಬುಕ್ ಹರಡಿಕೊಂಡು ತಪ್ಪುಗಳ ಬಗ್ಗೆ ಚರ್ಚಿಸುವ ಸಭೆಗೂ ಅಜಗಜಾಂತರ.

ಇದಕ್ಕೆ ಸಮಯವೆಲ್ಲಿ ಎಂದು ಶಿಕ್ಷಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಬಿಸಿಯೂಟದ ಲೆಕ್ಕ, ವಿದ್ಯಾರ್ಥಿಗಳ ದಾಖಲೆಯ ಸ್ಯಾಟ್ಸ್ ತಂತ್ರಾಂಶಕ್ಕೆ ಮಾಹಿತಿ ತುಂಬುವುದು, ಮೊಟ್ಟೆ-ಹಾಲಿನ ದಾಖಲೆ, ಮತಗಟ್ಟೆ ಕೆಲಸ ಎಲ್ಲ ಅವರ ಹೆಗಲ ಮೇಲಿವೆ. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಬಳಸಿದಾಗ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಹೀಗೆ ಕಳೆದ ದಿನಗಳ ಬೆಲೆಯನ್ನು ಕೋವಿಡ್ ಕಾಲ ತೋರಿಸಿಕೊಟ್ಟಿತ್ತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಒಂದರಿಂದ ಐದನೇ ತರಗತಿಗಳು ತೆರೆದದ್ದು 2021ರ ಅಕ್ಟೋಬರ್ 25ರಂದು. ಒಂದನೇ ತರಗತಿ ಮುಗಿಸುವ ಮುನ್ನ ಮನೆಗೆ ಹೋದ ಮಗು ಮರಳಿ ಬಂದಾಗ ಮೂರನೇ ತರಗತಿಯಲ್ಲಿತ್ತು. ಆ ನಷ್ಟ ತುಂಬಲು 2022-23ರಲ್ಲಿ ‘ಕಲಿಕಾ ಚೇತರಿಕೆ’ ವರ್ಷವನ್ನೇ ನಡೆಸಿದರು. ಮಗುವಿನ ಕಲಿಕೆಯ ದಿನಗಳಿಗೆ ಎಷ್ಟು ಬೆಲೆ ಎಂದು ಆಗ ಎಲ್ಲರಿಗೂ ತಿಳಿದಿತ್ತು. ಅದು ಇಷ್ಟು ಬೇಗ ಮರೆಯುವ ಪಾಠವಲ್ಲ.

ಮನೆಮಾತಿನ ವಿಚಾರವೂ ಇದೆ. ಹೆಗ್ಗಡದೇವನಕೋಟೆಯ ಹಾಡಿಯ ಮಗು ಜೇನುನುಡಿ ಆಡುತ್ತದೆ, ತಾಂಡಾದ ಮಗು ಲಂಬಾಣಿ, ಕರಾವಳಿಯದು ತುಳು ಅಥವಾ ಕೊಂಕಣಿ, ಗಡಿಯ ಊರುಗಳಲ್ಲಿ ತೆಲುಗು, ಮರಾಠಿ, ಉರ್ದು. ಈ ಮಕ್ಕಳು ಪಠ್ಯದ ಕನ್ನಡವನ್ನು ಓದುವ ಮೊದಲು ಕೇಳಬೇಕು, ಆಡಬೇಕು. ಆ ಮಗುವಿನ ಮಾತಿನ ಹತ್ತಿಪ್ಪತ್ತು ಪದ ಕಲಿತ ಶಿಕ್ಷಕರ ತರಗತಿಯಲ್ಲಿ ಅದರ ಬಾಯಿ ಬೇಗ ಬಿಚ್ಚುತ್ತದೆ. ಓದಲು ಕಥೆ ಪುಸ್ತಕಗಳೂ ಬೇಕು, ಬೀರುವಿನಲ್ಲಲ್ಲ, ಕೈಗೆ ಸಿಗುವ ಹಗ್ಗದ ಮೇಲೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಮಟ್ಟಕ್ಕೆ ತಕ್ಕ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಲೂಬಹುದು.

ಉಳಿದದ್ದು ಊರಿನವರ ಪಾಲು. 2001ರಿಂದ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ (ಎಸ್‌ಡಿಎಂಸಿ). ಅವುಗಳಲ್ಲಿ ಪೋಷಕರದೇ ಬಹುಮತ. ಕಾಂಪೌಂಡು, ಬಣ್ಣ, ನೀರಿನ ಟ್ಯಾಂಕು ಇವುಗಳ ಚರ್ಚೆ ಅಲ್ಲಿ ಸಾಕಷ್ಟು ಆಗಿದೆ. ಮುಂದಿನ ಪೋಷಕರ ಸಭೆಗೆ ಹೋಗುವ ತಾಯಂದಿರು, ತಂದೆಯರು, ಎಸ್‌ಡಿಎಂಸಿ ಸದಸ್ಯರು ‘ನಮ್ಮ ಮಗ ಎಷ್ಟು ಮಾರ್ಕ್ಸ್ ತೆಗೆದ’ ಎಂದು ಕೇಳುವ ಬದಲು ‘ಮೇಡಂ, ನನ್ನ ಮಗು ಈಗ ಏನು ಓದುತ್ತದೆ, ಎಲ್ಲಿ ತಡವರಿಸುತ್ತದೆ, ನಾವು ಮನೆಯಲ್ಲಿ ಏನು ಮಾಡಬೇಕು’ ಎಂದು ಕೇಳಲಿ. ತಾವು ಓದದವರಾದರೂ ಪರವಾಗಿಲ್ಲ. ರಾತ್ರಿ ಊಟವಾದ ಮೇಲೆ ಮಗುವನ್ನು ಪಕ್ಕ ಕೂರಿಸಿಕೊಂಡು ಹತ್ತು ನಿಮಿಷ ಅದು ಓದುವ ಕಥೆ ಕೇಳಿ. ಶಿಕ್ಷಕರನ್ನು ತರಗತಿಯಿಂದ ಹೊರಗೆಳೆಯುವ ಕೆಲಸಗಳಿಗೆ ಬೇರೆ ಸಿಬ್ಬಂದಿ ಕೊಡಿ ಎಂದು ಗ್ರಾಮಸಭೆಯಲ್ಲಿ ಒಂದು ಠರಾವು ಮಾಡಿಸಿ, ಕ್ಷೇತ್ರ ಶಿಕ್ಷಣಾಧಿಕಾರಿಗೆ ಕಳುಹಿಸಿ.